ಟ್ರಕ್ಕಿನ ಇಗ್ನಿಷನ್ ಕಾಯಿಲ್ ಬಿಚ್ಚಿದ ಮೇಲೆ ಸರಿಯಾಗಿ ಕೂರಿಸುವುದು ಹೇಗೆ

ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಮೂರನೇ ತಿರುವಿನಲ್ಲಿ ನನ್ನ ಗಾಡಿ ಎಳೆಯುವುದನ್ನು ಬಿಟ್ಟಿತು. ಬೆಳಗಿನ ಜಾವ. ಹಿಂದೆ ಮಲ್ಪೆ ಬಂದರಿನಲ್ಲಿ ತುಂಬಿಸಿದ ಬಂಗುಡೆ ಮೀನು, ಮೇಲೆ ಐಸು. ಮಾರ್ಕೆಟ್ ತೆರೆಯುವ ಮೊದಲು ತೀರ್ಥಹಳ್ಳಿ ಮುಟ್ಟಬೇಕು. ಎಕ್ಸಲೇಟರ್ ಒತ್ತಿದರೆ ಗಾಡಿ ಜರ್ಕ್ ಹೊಡೆಯುತ್ತದೆ, ಎಂಜಿನ್ ಚೆಕ್ ಲೈಟ್ ಮಿನುಗುತ್ತದೆ. ಬದಿಗೆ ಹಾಕಿ, ಎಂಜಿನ್ ಮೇಲಿನ ಸೀಟು ಎತ್ತಿ, ಟಾರ್ಚ್ ಬಿಟ್ಟು ನೋಡಿದೆ. ನಾಲ್ಕು ಕಾಯಿಲ್‌ಗಳಲ್ಲಿ ಮೂರು ಒಂದೇ ಮಟ್ಟಕ್ಕೆ ಕೂತಿವೆ, ಒಂದು ಮಾತ್ರ ಬೆರಳಿನಷ್ಟು ಮೇಲೆ ನಿಂತಿದೆ. ಬೋಲ್ಟ್ ಹಾಕುವ ಅದರ ಪ್ಲಾಸ್ಟಿಕ್ ಕಿವಿ ಸೀಳಿ ಹೋಗಿದೆ.

ಎರಡು ದಿನದ ಹಿಂದೆಯಷ್ಟೇ ಒಂದು ಗ್ಯಾರೇಜಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬದಲಾಯಿಸಿದ್ದೆ. ಕಾಯಿಲನ್ನು ಕೈಯಲ್ಲಿ ಒತ್ತಿ ಕೂರಿಸುವ ಬದಲು ಬೋಲ್ಟ್ ತಿರುಗಿಸಿ ಕೆಳಗೆ ಎಳೆದಿದ್ದಾರೆ. ಕಿವಿಗೆ ಆಗ ಬಿರುಕು ಬಿದ್ದಿದೆ, ಮತ್ತೆ ಗಾಡಿಯ ಕುಲುಕಾಟಕ್ಕೆ ಪೂರ್ತಿ ಹೋಗಿದೆ. ಎಂಜಿನ್ ತಣಿಯಲು ಅರ್ಧ ಗಂಟೆ ಕಾದೆ. ಕಾಯಿಲ್ ತಲೆಯ ಮೇಲೆ ಅಂಗೈ ಇಟ್ಟು ಒತ್ತಿದೆ. ಒಳಗಿಂದ ಟಕ್ ಅಂತ ಬಂತು. ಹಳೇ ಟ್ಯೂಬಿನ ತುಂಡಿನಲ್ಲಿ ಬಿಗಿದು ಕಟ್ಟಿದೆ. ಉಳಿದ ಹನ್ನೊಂದು ತಿರುವನ್ನೂ ಗಾಡಿ ಒಂದು ಸಲವೂ ಮಿಸ್ ಹೊಡೆಯದೆ ಹತ್ತಿತು.

ಅಂದರೆ ಕಾಯಿಲ್ ಚೆನ್ನಾಗಿಯೇ ಇತ್ತು. ಕೂರಿಸಿದ್ದು ಸರಿ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರ್ ಸರಿ ಹೊತ್ತಿಕೊಳ್ಳದೆ ಎಂಜಿನ್ ತಡವರಿಸುವುದು, ಅಂದ ಕೂಡಲೇ ಹೊಸ ಕಾಯಿಲ್ ತರಿಸುತ್ತಾರೆ, ಆದರೆ ಬಿಚ್ಚಿದ್ದನ್ನು ವಾಪಸ್ ಹಾಕುವಾಗ ಹತ್ತು ನಿಮಿಷ ಜಾಸ್ತಿ ಕೊಡುವುದಿಲ್ಲ. ಅರ್ಧ ತೊಂದರೆ ಆ ಹತ್ತು ನಿಮಿಷದಲ್ಲೇ ಇರುವುದು.

ಮೊದಲು ಒಂದು ಮಾತು. ಡೀಸೆಲ್ ಗಾಡಿಯಲ್ಲಿ ಇಗ್ನಿಷನ್ ಕಾಯಿಲ್ ಇರುವುದಿಲ್ಲ. ಅಲ್ಲಿ ಗಾಳಿಯನ್ನು ಒತ್ತಿದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ, ಕಿಡಿ ಬೇಡ. ಈ ಕೆಲಸ ಪೆಟ್ರೋಲ್ ಮತ್ತು ಸಿಎನ್‌ಜಿ ಟ್ರಕ್ಕುಗಳದ್ದು. ಸಿಎನ್‌ಜಿ ಆದರೆ ದೊಡ್ಡ ಲಾರಿಯಲ್ಲೂ ಪ್ಲಗ್, ಕಾಯಿಲ್ ಉಂಟು. ಟಾಟಾ ಏಸ್ ಗೋಲ್ಡ್ ಪೆಟ್ರೋಲಿನಲ್ಲಿ 2 ಸಿಲಿಂಡರ್, ಮಾರುತಿ ಸೂಪರ್ ಕ್ಯಾರಿಯಲ್ಲಿ 4. ಕೆಲವು ಎಂಜಿನ್‌ನಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ನೇರ ಕೂರುತ್ತದೆ, ಕೆಲವದರಲ್ಲಿ ಒಂದು ಕಾಯಿಲ್ ಎರಡು ಸಿಲಿಂಡರಿಗೆ ಕರೆಂಟ್ ಕೊಡುತ್ತದೆ, ಆಗ ಉದ್ದ ಪ್ಲಗ್ ವೈರ್ ಇರುತ್ತದೆ. ನಾನು ಹೇಳುವುದು ಮುಖ್ಯವಾಗಿ ನೇರ ಪ್ಲಗ್ಗಿನ ಮೇಲೆ ಕೂರುವ ಜಾತಿಯ ಬಗ್ಗೆ.

ಕಾಯಿಲ್ ಮಾಡುವ ಕೆಲಸ ಇಷ್ಟೇ. ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕೊಡುವುದು. 20,000 ವೋಲ್ಟ್ ದಾಟುವುದು ಮಾಮೂಲಿ. ಅಷ್ಟು ಕರೆಂಟಿಗೆ ಸಣ್ಣ ದಾರಿ ಸಿಕ್ಕಿದರೂ ಸಾಕು, ಪ್ಲಗ್ಗಿನ ತುದಿಗೆ ಹೋಗುವ ಬದಲು ಬದಿಯ ಲೋಹಕ್ಕೆ ಹಾರಿಬಿಡುತ್ತದೆ. ಕಾಯಿಲ್ ಅಡಿಯ ಉದ್ದ ರಬ್ಬರ್ ಬೂಟ್ ಇರುವುದು ಅದನ್ನು ತಡೆಯಲಿಕ್ಕೆ. ಬೂಟ್ ಪ್ಲಗ್ಗಿನ ಬಿಳಿ ಪಿಂಗಾಣಿಯನ್ನು ಬಿಗಿಯಾಗಿ ಅಪ್ಪಿಕೊಂಡಿರಬೇಕು. ನಡುವೆ ತೇವ, ಎಣ್ಣೆ, ಧೂಳು ಏನೇ ಸಿಕ್ಕಿದರೂ ಕರೆಂಟಿಗೆ ಅದೇ ದಾರಿ.

ಇನ್ನು ಸಿಎನ್‌ಜಿ ಓಡಿಸುವವರು ಇದೊಂದನ್ನು ನೆನಪಿಡಿ. ಪೆಟ್ರೋಲಿಗಿಂತ ಗ್ಯಾಸಿನಲ್ಲಿ ಕಿಡಿ ಹಾರಿಸಲು ಜಾಸ್ತಿ ವೋಲ್ಟೇಜ್ ಬೇಕು. ಲೋಡ್ ಹಾಕಿ ಏರು ಹತ್ತುವಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಆಗ ಇನ್ನೂ ಜಾಸ್ತಿ. ಹಾಗಾಗಿ ಪೆಟ್ರೋಲಿನಲ್ಲಿ ಚೆನ್ನಾಗಿ ಓಡುವ ಗಾಡಿ ಸಿಎನ್‌ಜಿಗೆ ಹಾಕಿದ ಕೂಡಲೇ, ಅದೂ ಏರಿನಲ್ಲಿ, ಮಿಸ್ ಹೊಡೆದರೆ ಮೊದಲ ಅನುಮಾನ ಪ್ಲಗ್ ಮತ್ತು ಕಾಯಿಲ್ ಮೇಲೆ ಇರಲಿ. ಗ್ಯಾಸ್ ಕಿಟ್ ಟ್ಯೂನಿಂಗ್ ಅಂತ ಓಡಾಡಿ ದುಡ್ಡು ಖರ್ಚು ಮಾಡುವುದು ಆಮೇಲೆ.

ಕೆಲಸಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ಕಾಯಿಲ್ ಬೋಲ್ಟಿಗೆ ಹೆಚ್ಚಿನ ಗಾಡಿಯಲ್ಲಿ 10 ನಂಬರ್ ಸಾಕೆಟ್, ಕೆಲವದರಲ್ಲಿ 8. ಪ್ಲಗ್ ತೆಗೆಯುವುದಿದ್ದರೆ ನಿಮ್ಮ ಪ್ಲಗ್ಗಿಗೆ ಹೊಂದುವ ಪ್ಲಗ್ ಸಾಕೆಟ್ ಮತ್ತು ಉದ್ದ ಎಕ್ಸ್‌ಟೆನ್ಷನ್. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂದು ಡಬ್ಬಿ. ಕಾಯಿಲ್ ಬೂಟಿಗೆ ಹಾಕುವ ಸಿಲಿಕಾನ್ ಗ್ರೀಸ್, ಡೈಎಲೆಕ್ಟ್ರಿಕ್ ಗ್ರೀಸ್ ಅಂತ ಕೇಳಿದರೆ ಸಿಗುತ್ತದೆ. ಒಂದು ಮಾರ್ಕರ್ ಪೆನ್, ನೂಲು ಬಿಡದ ಹತ್ತಿ ಬಟ್ಟೆ, ಒಂದು ಗೇಣು ಪೆಟ್ರೋಲ್ ಪೈಪಿನ ತುಂಡು. ಪೈಪ್ ಎಂತಕ್ಕೆ ಅಂತ ಮುಂದೆ ಹೇಳುತ್ತೇನೆ.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡಿದರೆ ಒಳ್ಳೆಯದು. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯುಮಿನಿಯಂ, ಬಿಸಿಯಿರುವಾಗ ಪ್ಲಗ್ ಬಿಚ್ಚಿದರೆ ಥ್ರೆಡ್ ಹೋಗುವ ಸಾಧ್ಯತೆ ಉಂಟು. ಥ್ರೆಡ್ ಹೋದರೆ ಅದು ಬೇರೆಯೇ ಖರ್ಚು. ಸಿಎನ್‌ಜಿ ಗಾಡಿಯಾದರೆ ಗ್ಯಾಸ್ ಸಿಲಿಂಡರಿನ ವಾಲ್ವ್ ಕೈಯಲ್ಲಿ ಬಂದ್ ಮಾಡಿ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಗ್ಯಾಸ್ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಲೀಕ್ ನೋಡಿಸಿ. ಆಮೇಲೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ ಬದಿಗೆ ಸರಿಸಿ.

ಬಿಚ್ಚುವ ಮೊದಲು ಕಾಯಿಲ್ ತಲೆಯ ಮೇಲೆ ನಂಬರ್ ಬರೆಯಿರಿ. ಸಾಮಾನ್ಯವಾಗಿ ಟೈಮಿಂಗ್ ಚೈನ್ ಇರುವ ಬದಿಯಿಂದ 1, 2, 3, 4. ಕನೆಕ್ಟರಿಗೂ ಅದೇ ನಂಬರ್, ಒಂದು ತುಂಡು ಟೇಪ್ ಸುತ್ತಿ ಬರೆದರೆ ಆಯಿತು. ಇದು ಸುಮ್ನೆ ಶಿಸ್ತಿಗಾಗಿ ಹೇಳುವುದಲ್ಲ. ಕನೆಕ್ಟರ್‌ಗಳು ನೋಡಲು ಎಲ್ಲ ಒಂದೇ ಥರ, 2ರ ವೈರ್ 3ಕ್ಕೆ ಸಲೀಸಾಗಿ ಮುಟ್ಟುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ ಸಾಮಾನ್ಯವಾಗಿ 1-3-4-2 ಈ ಕ್ರಮದಲ್ಲಿ ಹೊತ್ತಿಕೊಳ್ಳುತ್ತದೆ. ಎರಡು ವೈರ್ ಅದಲು ಬದಲಾದರೆ ತಪ್ಪು ಹೊತ್ತಿಗೆ ಕಿಡಿ ಬೀಳುತ್ತದೆ, ಎಂಜಿನ್ ಗಡಗಡ ನಡುಗುತ್ತದೆ, ಸೈಲೆನ್ಸರಿನಲ್ಲಿ ಪಟಾಕಿ ಹೊಡೆದ ಹಾಗೆ ಶಬ್ದ ಬರುತ್ತದೆ.

ಕನೆಕ್ಟರ್ ತೆಗೆಯುವಾಗ ವೈರ್ ಹಿಡಿದು ಎಳೆಯಬೇಡಿ. ಲಾಕಿನ ನಾಲಗೆಯನ್ನು ಹೆಬ್ಬೆರಳಲ್ಲಿ ಒತ್ತಿ, ಮೊದಲು ಸ್ವಲ್ಪ ಒಳಗೆ ತಳ್ಳಿ, ಮತ್ತೆ ಹೊರಗೆ ಎಳೆಯಿರಿ. ನಾಲ್ಕೈದು ವರ್ಷ ಎಂಜಿನ್ ಬಿಸಿ ತಿಂದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗಿರುತ್ತದೆ, ಸ್ಕ್ರೂ ಡ್ರೈವರ್ ಹಾಕಿ ಎಬ್ಬಿಸಿದರೆ ಮುರಿಯುತ್ತದೆ. ಲಾಕ್ ಮುರಿದ ಕನೆಕ್ಟರ್ ಆವತ್ತು ಕೂರುತ್ತದೆ, ಹೊಂಡ ಬಿದ್ದ ರಸ್ತೆಯಲ್ಲಿ ಒಂದು ವಾರ ಓಡಿದ ಮೇಲೆ ಕಳಚುತ್ತದೆ.

ಬೋಲ್ಟ್ ಬಿಚ್ಚಿ ಕಾಯಿಲನ್ನು ಹಾಗೇ ಮೇಲೆ ಎಳೆಯಬೇಡಿ. ಮೊದಲು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ. ರಬ್ಬರ್ ಪ್ಲಗ್ಗಿಗೆ ಕಚ್ಚಿಕೊಂಡಿರುತ್ತದೆ, ತಿರುಗಿಸಿದರೆ ಹಿಡಿತ ಬಿಡುತ್ತದೆ. ಹಾಗೇ ಎಳೆದರೆ ಬೂಟ್ ಹರಿದು ಅರ್ಧ ಪ್ಲಗ್ ಕೂತ ಗುಂಡಿಯೊಳಗೆ ಉಳಿಯುತ್ತದೆ. ತೆಗೆದ ಕೂಡಲೇ ಪ್ಲಗ್ ಗುಂಡಿಗೆ ಬಟ್ಟೆ ಮುಚ್ಚಿ. ಒಂದು ವಾಷರ್ ಒಳಗೆ ಬಿದ್ದರೆ ಎಷ್ಟು ಹೊತ್ತು ಹೋಗುತ್ತದೆ ಅಂತ ಬೀಳಿಸಿದವರಿಗೇ ಗೊತ್ತು.

ಈಗ ಕಾಯಿಲನ್ನು ಬೆಳಕಿಗೆ ಹಿಡಿದು ನೋಡಿ. ಅವಸರ ಬೇಡ, ಇಲ್ಲಿ ತುಂಬ ವಿಷಯ ಸಿಗುತ್ತದೆ. ಬೂಟನ್ನು ನಿಧಾನ ಬಗ್ಗಿಸಿ. ಒಳ್ಳೆಯದಾದರೆ ಮೆತ್ತಗೆ ಬಗ್ಗಿ ವಾಪಸ್ ಬರುತ್ತದೆ. ಹೋಗಿದ್ದಾದರೆ ಗಟ್ಟಿಯಾಗಿರುತ್ತದೆ, ಬಗ್ಗಿಸಿದಲ್ಲಿ ಕೂದಲಿನಂಥ ಬಿರುಕು ಕಾಣುತ್ತದೆ. ಬೂಟಿನ ಒಳಗೆ ಟಾರ್ಚ್ ಬಿಡಿ. ಉದ್ದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಇದ್ದರೆ ಅದು ಕರೆಂಟ್ ಹಾರಿದ ದಾರಿ. ಪ್ಲಗ್ಗಿನ ಪಿಂಗಾಣಿ ಮೇಲೂ ಅದೇ ಜಾಗದಲ್ಲಿ ಜೋಡಿ ಗೆರೆ ಇರುತ್ತದೆ. ಒರೆಸಿದರೆ ಹೋಗುವುದಿಲ್ಲ. ಬೂಟ್ ಮತ್ತು ಪ್ಲಗ್ ಎರಡನ್ನೂ ಬದಲಾಯಿಸಬೇಕು, ಒಂದನ್ನು ಮಾತ್ರ ಬದಲಾಯಿಸಿದರೆ ಹಳೆಯದ್ದು ಹೊಸದನ್ನೂ ಹಾಳು ಮಾಡುತ್ತದೆ. ಕೆಲವು ಗಾಡಿಗೆ ಬೂಟ್ ಮಾತ್ರ ಬೇರೆ ಸಿಗುತ್ತದೆ, ಕೇಳಿ ನೋಡಿ. ಬೂಟಿನ ಒಳಗೆ ಸ್ಪ್ರಿಂಗ್ ಇರುತ್ತದೆ, ಅದು ಇದೆಯಾ, ನೇರ ಇದೆಯಾ, ತುಕ್ಕು ಹಿಡಿದಿದೆಯಾ ನೋಡಿ. ಕೆಲವೊಮ್ಮೆ ಸ್ಪ್ರಿಂಗ್ ಪ್ಲಗ್ಗಿನ ತಲೆಯಲ್ಲೇ ಉಳಿದು ಕಾಯಿಲ್ ಮಾತ್ರ ಮೇಲೆ ಬರುತ್ತದೆ.

ಬೂಟ್ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ಇದ್ದರೆ ಕಾಯಿಲ್ ತಪ್ಪಲ್ಲ. ಎಂಜಿನ್ ತಲೆಯ ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಅಥವಾ ಪ್ಲಗ್ ಗುಂಡಿಯ ಸೀಲ್ ಹೋಗಿ ಎಂಜಿನ್ ಎಣ್ಣೆ ಗುಂಡಿಗೆ ಇಳಿದಿದೆ. ಎಣ್ಣೆ ಕುಡಿದ ರಬ್ಬರ್ ಊದಿ ಸಡಿಲ ಆಗುತ್ತದೆ. ಪ್ಯಾಕಿಂಗ್ ಬದಲಾಯಿಸದೆ ಹೊಸ ಕಾಯಿಲ್ ಹಾಕಿದರೆ ಅದಕ್ಕೂ ಇದೇ ಗತಿ.

ಕನೆಕ್ಟರ್ ಒಳಗಿನ ಪಿನ್ ನೋಡುವುದನ್ನು ಮರೆಯಬೇಡಿ, ಅದರಲ್ಲೂ ಮಲ್ಪೆ, ಮಂಗಳೂರು ಧಕ್ಕೆ ಕಡೆ ದುಡಿಯುವ ಗಾಡಿಯವರು. ಸಮುದ್ರದ ಗಾಳಿಯಲ್ಲಿ ಉಪ್ಪು ಉಂಟು, ಮೀನಿನ ಪೆಟ್ಟಿಗೆಯ ನೀರಿನಲ್ಲೂ ಉಪ್ಪು ಉಂಟು. ಪಿನ್ ಮೇಲೆ ಹಸಿರು ಪುಡಿ ಕೂತಿರುತ್ತದೆ, ಹಳೇ ತಾಮ್ರದ ಚೆಂಬಿನ ಅಡಿಯಲ್ಲಿ ಕಟ್ಟುವ ಥರದ್ದೇ ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆತ್ತಗಿನ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಮತ್ತೆ ಹೊಡೆದು, ಪೂರ್ತಿ ಒಣಗಲು ಬಿಡಿ. ಸ್ಯಾಂಡ್ ಪೇಪರ್ ಹಾಕಬೇಡಿ, ಪಿನ್ನಿನ ಮೇಲಿನ ಲೇಪ ಹೋಗುತ್ತದೆ, ಆಮೇಲೆ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಹಾಗೇ ಎಂಜಿನ್ ಮೇಲೆ ಅರ್ತಿಂಗ್ ವೈರ್ ಬೋಲ್ಟ್ ಆಗಿರುವ ಜಾಗವನ್ನೂ ಬಿಚ್ಚಿ, ತುಕ್ಕು ಕೆರೆದು, ವಾಪಸ್ ಬಿಗಿಯಿರಿ. ನಮ್ಮ ಕರಾವಳಿಯಲ್ಲಿ ಈ ಒಂದು ಬೋಲ್ಟ್ ಸರಿ ಮಾಡಿದ್ದಕ್ಕೇ ಮಿಸ್ಸಿಂಗ್ ಹೋದ ಗಾಡಿ ನಾನು ನೋಡಿದ್ದೇನೆ.

ಪ್ಲಗ್ ತೆಗೆಯುವುದಿದ್ದರೆ ಮೊದಲು ಗುಂಡಿಗೆ ಗಾಳಿ ಹೊಡೆದು ಮರಳು, ಧೂಳು ತೆಗೆಯಿರಿ. ಕಣ್ಣಿಗೆ ಕನ್ನಡಕ ಇರಲಿ. ಪ್ಲಗ್ ವಾಪಸ್ ಹಾಕುವಾಗ ಆ ಪೆಟ್ರೋಲ್ ಪೈಪಿನ ತುಂಡು ಬೇಕು. ಪ್ಲಗ್ಗಿನ ತಲೆಗೆ ಪೈಪ್ ಸಿಕ್ಕಿಸಿ, ಗುಂಡಿಗೆ ಇಳಿಸಿ, ಬೆರಳಿನಲ್ಲಿ ಪೈಪ್ ತಿರುಗಿಸಿ. ಥ್ರೆಡ್ ಸರಿ ಸಿಕ್ಕಿದರೆ ಪ್ಲಗ್ ಸಲೀಸಾಗಿ ಇಳಿಯುತ್ತದೆ. ಓರೆಯಾಗಿ ಸಿಕ್ಕಿದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ರಾಟ್ಚೆಟ್ಟಿನಲ್ಲೇ ಶುರು ಮಾಡಿದರೆ ಓರೆ ಆದದ್ದು ಕೈಗೆ ಗೊತ್ತಾಗುವುದೇ ಇಲ್ಲ. ಪೂರ್ತಿ ಕೂತ ಮೇಲೆ ಮಾತ್ರ ಸ್ಪ್ಯಾನರ್. ಟಾರ್ಕ್ ಸ್ಪ್ಯಾನರ್ ಇದ್ದರೆ ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿರುವ ಲೆಕ್ಕ. ಇಲ್ಲದಿದ್ದರೆ ವಾಷರ್ ಇರುವ ಹೊಸ ಪ್ಲಗ್ಗಿಗೆ ಅರ್ಧ ಸುತ್ತು, ಹೆಚ್ಚೆಂದರೆ ಅದಕ್ಕಿಂತ ಚೂರು ಮೇಲೆ. ಅದೇ ಹಳೇ ಪ್ಲಗ್ ವಾಪಸ್ ಹೋಗುವುದಾದರೆ ವಾಷರ್ ಆಗಲೇ ಒತ್ತಿ ಹೋಗಿರುತ್ತದೆ, ಬಿಗಿ ಸಿಕ್ಕಿದ ಮೇಲೆ ಸ್ವಲ್ಪವೇ ಸಾಕು.

ಇನ್ನು ಕಾಯಿಲ್ ಕೂರಿಸುವುದು. ಗುಂಡಿ ಒಣಗಿರಬೇಕು, ಬಟ್ಟೆ ಒಳಗೆ ಬಿಟ್ಟು ಒರೆಸಿ ಹೊರಗೆ ತೆಗೆದಾಗ ಬಟ್ಟೆ ಒಣಗಿಯೇ ಇರಬೇಕು. ಮಳೆಗಾಲದಲ್ಲಿ ಇದಕ್ಕೆ ಹೊತ್ತು ಕೊಡಿ. ಸಿಲಿಕಾನ್ ಗ್ರೀಸನ್ನು ಕಿರುಬೆರಳಿನ ತುದಿಗೆ ಅಕ್ಕಿ ಕಾಳಿನಷ್ಟು ತೆಗೆದುಕೊಂಡು ಬೂಟಿನ ಬಾಯಿಯ ಒಳ ಅಂಚಿಗೆ ಸುತ್ತ ತೆಳ್ಳಗೆ ಸವರಿ. ಅಷ್ಟೇ. ಸ್ಪ್ರಿಂಗಿಗೆ ಬೇಡ, ಅದು ಕರೆಂಟ್ ಹಾಯಬೇಕಾದ ಜಾಗ, ಈ ಗ್ರೀಸ್ ಕರೆಂಟ್ ತಡೆಯುವ ವಸ್ತು. ಬೂಟಿಗೆ ತುಂಬಿಸಿದರೆ ಒಳಗಿನ ಗಾಳಿಗೆ ಹೋಗಲು ಜಾಗ ಇಲ್ಲದೆ ಕಾಯಿಲನ್ನು ಮೇಲಕ್ಕೆ ತಳ್ಳುತ್ತದೆ. ಬೇರಿಂಗ್ ಗ್ರೀಸ್, ಎಂಜಿನ್ ಎಣ್ಣೆ, ಮನೆಯ ತೆಂಗಿನೆಣ್ಣೆ, ಇದು ಯಾವುದೂ ಬೇಡ, ರಬ್ಬರ್ ಕೆಡುತ್ತದೆ, ಧೂಳು ಹಿಡಿಯುತ್ತದೆ.

ಬೋಲ್ಟಿನ ತೂತಿಗೆ ಕಾಯಿಲಿನ ಕಿವಿ ಸರಿ ಬರುವ ಹಾಗೆ ಹಿಡಿದು ನೇರ ಕೆಳಗೆ ಇಳಿಸಿ. ಬೂಟ್ ಪ್ಲಗ್ಗಿಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ, ಸ್ವಲ್ಪ ತಡೆದ ಹಾಗೆ. ಆಗ ಅಂಗೈ ಇಟ್ಟು ಒಂದೇ ಸಮ ಒತ್ತಿ, ಬೇಕಿದ್ದರೆ ಚೂರು ಆಚೆ ಈಚೆ ತಿರುಗಿಸುತ್ತಾ. ಪ್ಲಗ್ಗಿನ ತಲೆ ಕಚ್ಚಿಕೊಂಡಾಗ ಟಕ್ ಅಂತ ಕೈಗೆ ಹೊಡೆಯುತ್ತದೆ. ಎಲ್ಲ ಕಾಯಿಲಿನಲ್ಲೂ ಶಬ್ದ ಕೇಳಿಸುವುದಿಲ್ಲ, ಕೈಗೆ ಮಾತ್ರ ಗೊತ್ತಾಗುವುದೂ ಉಂಟು. ಕಾಯಿಲಿನ ಕಿವಿ ಎಂಜಿನ್ ಕವರಿನ ಮೇಲೆ ಸಮ ಕೂತಿರಬೇಕು, ನಡುವೆ ಉಗುರು ಹೋಗಬಾರದು. ಕೂರದಿದ್ದರೆ ತೆಗೆದು ನೋಡಿ, ಬೂಟ್ ಮಡಚಿರಬಹುದು, ಸ್ಪ್ರಿಂಗ್ ಓರೆಯಾಗಿರಬಹುದು. ಬೋಲ್ಟ್ ಹಾಕಿ ಎಳೆದು ಕೂರಿಸುವುದು ಮಾತ್ರ ಬೇಡವೇ ಬೇಡ. ಆಗುಂಬೆಯಲ್ಲಿ ನನಗೆ ಆದದ್ದು ಅದೇ.

ಬೋಲ್ಟನ್ನು ಮೊದಲು ಬೆರಳಿನಲ್ಲೇ ಹಾಕಿ. ಕಾಯಿಲ್ ಅಲ್ಲಾಡದಷ್ಟು ಬಿಗಿಯಾದರೆ ಸಾಕು. ಹೆಚ್ಚಿನ ಎಂಜಿನ್‌ನಲ್ಲಿ ಇದು 10 ನ್ಯೂಟನ್ ಮೀಟರ್ ಆಸುಪಾಸು, ಅಂದರೆ ಸಣ್ಣ ರಾಟ್ಚೆಟ್ಟನ್ನು ತಲೆಯ ಹತ್ತಿರ ಹಿಡಿದು ಮಣಿಕಟ್ಟಿನಲ್ಲಿ ತಿರುಗಿಸುವಷ್ಟು ಬಲ. ಇಲ್ಲಿ ತೋಳಿನ ಬಲ ತೋರಿಸುವ ಕೆಲಸ ಇಲ್ಲ. ನಂಬರ್ ನೋಡಿ ಕನೆಕ್ಟರ್ ಹಾಕಿ, ಲಾಕ್ ಕೂತ ಶಬ್ದ ಬರಬೇಕು, ಆಮೇಲೆ ಮೆಲ್ಲ ಹಿಂದಕ್ಕೆ ಎಳೆದು ನೋಡಿ, ಬರಬಾರದು. ವೈರ್ ಬಿಸಿ ಜಾಗಕ್ಕೆ ತಾಗದ ಹಾಗೆ, ಸೀಟಿನ ಮುಚ್ಚಳಕ್ಕೆ ಸಿಕ್ಕದ ಹಾಗೆ ಮೊದಲಿದ್ದ ಕ್ಲಿಪ್ಪಿಗೇ ಹಾಕಿ.

ಬ್ಯಾಟರಿ ವೈರ್ ಹಾಕಿ, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ. ಬ್ಯಾಟರಿ ತೆಗೆದಿದ್ದರಿಂದ ಮೊದಲ ಕೆಲವು ನಿಮಿಷ ಐಡ್ಲಿಂಗ್ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು, ಅದಕ್ಕೆ ಹೆದರಬೇಡಿ. ಹಿಂದೆ ಹೋಗಿ ಸೈಲೆನ್ಸರಿನಿಂದ ಒಂದು ಗೇಣು ದೂರ ಅಂಗೈ ಹಿಡಿದು ನೋಡಿ, ಹೊಗೆ ಒಂದೇ ಸಮ ಬಡಿಯಬೇಕು. ನಡು ನಡುವೆ ಒಂದು ಬಡಿತ ತಪ್ಪಿದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಸರಿ ಇದ್ದರೆ ಗ್ಯಾಸ್ ಸಿಲಿಂಡರಿನ ವಾಲ್ವ್ ತೆರೆದು, ಎಂಜಿನ್ ಬಿಸಿಯಾದ ಮೇಲೆ ಸಿಎನ್‌ಜಿಗೆ ಹಾಕಿ ಒಂದು ಏರು ಹತ್ತಿಸಿ. ಉಡುಪಿಯವರಿಗೆ ಮಣಿಪಾಲದ ಏರು ಉಂಟಲ್ವಾ, ಅದಕ್ಕಿಂತ ಒಳ್ಳೆ ಪರೀಕ್ಷೆ ಬೇಡ. ಸಪಾಟು ಹೈವೇಯಲ್ಲಿ ಓಡಿಸಿ ಸರಿಯಾಯಿತು ಅಂದುಕೊಳ್ಳಬೇಡಿ, ದುರ್ಬಲ ಕಾಯಿಲ್ ಅಲ್ಲಿ ಸಿಕ್ಕಿಬೀಳುವುದಿಲ್ಲ.

ಇನ್ನೂ ಮಿಸ್ ಹೊಡೆದರೆ ಎಂಜಿನ್ನಿನ ತೊಂದರೆ ಕೋಡ್ ಓದುವ ಸ್ಕ್ಯಾನರ್ ಹಾಕಿ. ಪಿ0301 ಅಂದರೆ 1ನೇ ಸಿಲಿಂಡರ್ ಮಿಸ್ಸಿಂಗ್, ಪಿ0302 ಅಂದರೆ 2ನೆಯದ್ದು, ಹೀಗೆ. ಪಿ0300 ಅಂದರೆ ಒಂದೇ ಸಿಲಿಂಡರ್ ಅಂತಿಲ್ಲ. ಪಿ0351ರಿಂದ ಪಿ0354 ಬಂದರೆ ಆಯಾ ಕಾಯಿಲಿನ ಸರ್ಕ್ಯೂಟಿನಲ್ಲಿ ತೊಂದರೆ, ಮೊದಲು ಕನೆಕ್ಟರ್ ಮತ್ತು ವೈರ್ ನೋಡಿ. ಮಿಸ್ಸಿಂಗ್ 3ರಲ್ಲಿ ಅಂತ ತೋರಿಸಿದರೆ ಎಂಜಿನ್ ಬಂದ್ ಮಾಡಿ ತಣಿಸಿ, 3ರ ಕಾಯಿಲನ್ನು 1ಕ್ಕೆ, 1ರದ್ದನ್ನು 3ಕ್ಕೆ ಹಾಕಿ. ಕನೆಕ್ಟರ್ ಅದರದರ ಜಾಗದಲ್ಲೇ ಇರಲಿ. ಕೋಡ್ ಅಳಿಸಿ ಓಡಿಸಿ. ಕೋಡ್ ಪಿ0301ಕ್ಕೆ ಬಂದರೆ ಕಾಯಿಲ್ ಹೋಗಿದೆ, ಈಗ ಹೊಸದು ತನ್ನಿ, ಹಳೆಯದರ ಮೇಲಿನ ಪಾರ್ಟ್ ನಂಬರ್ ನೋಡಿ. ಪಿ0303ರಲ್ಲೇ ನಿಂತರೆ ಕಾಯಿಲ್ ಸರಿ ಉಂಟು, ಪ್ಲಗ್, ವೈರ್, ಇಂಜೆಕ್ಟರ್, ಕಂಪ್ರೆಷನ್ ಕಡೆ ಹೋಗಿ. ಮಲ್ಟಿಮೀಟರ್ ಇಟ್ಟು ಓಮ್ಸ್ ನೋಡಿ ಕಾಯಿಲ್ ತೀರ್ಮಾನ ಮಾಡುವವರಿದ್ದಾರೆ, ಒಳಗೆ ಎಲೆಕ್ಟ್ರಾನಿಕ್ಸ್ ಇರುವ ಕಾಯಿಲಿಗೆ ಅದು ನಡೆಯುವುದಿಲ್ಲ.

ಕಾಯಿಲ್ ಹೊರಗೆ ತೆಗೆದು ಸ್ಕ್ರೂ ಡ್ರೈವರ್ ಹಿಡಿದು ಕಿಡಿ ಹಾರಿಸಿ ನೋಡುವ ಹಳೇ ಅಭ್ಯಾಸ ದಯವಿಟ್ಟು ಬೇಡ. ಕೈಗೆ ಹೊಡೆತ ಬೀಳುತ್ತದೆ, ಎಂಜಿನ್ ನಡೆಸುವ ಕಂಪ್ಯೂಟರ್, ಇಸಿಯು, ಕೆಡಬಹುದು, ಗ್ಯಾಸ್ ಗಾಡಿಯಲ್ಲಂತೂ ಅಪಾಯ. ಚೆಕ್ ಲೈಟ್ ಮಿನುಗುತ್ತಿದ್ದರೆ ಲೋಡ್ ಹಾಕಿ ಓಡಿಸಲೂ ಬೇಡಿ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ, ಅದು ಹೋದರೆ ಕಾಯಿಲಿಗಿಂತ ಎಷ್ಟೋ ಪಾಲು ಖರ್ಚು.

ಮೀನಿನ ಗಾಡಿಯವರಿಗೆ ಇನ್ನೊಂದು ವಿಷಯ. ದಿನಾ ಗಾಡಿ ತೊಳೆಯಲೇಬೇಕು, ಉಪ್ಪು ಬಿಡಬಾರದು. ಆದರೆ ಕ್ಯಾಬಿನ್ ಒಳಗೆ ಪೈಪ್ ಬಿಡಬೇಡಿ. ಎಂಜಿನ್ ಸೀಟಿನ ಅಡಿ ಇರುವ ಗಾಡಿಯಲ್ಲಿ ಆ ನೀರು ಮುಚ್ಚಳದ ಸಂದಿಯಿಂದ ನೇರ ಕಾಯಿಲ್ ಮೇಲೆ ಇಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮುಚ್ಚಳದ ಸುತ್ತ ಇರುವ ರಬ್ಬರ್ ಬೀಡಿಂಗ್ ಹರಿದಿದ್ದರೆ ಹೊಸದು ಹಾಕಿಸಿ. ಸರ್ವಿಸ್ ಸ್ಟೇಷನ್ನಿನಲ್ಲಿ ಪ್ರೆಷರ್ ನೀರನ್ನು ಎಂಜಿನ್ ತಲೆಗೆ ಹೊಡೆಯಲು ಬಿಡಬೇಡಿ, ಬಾಯಿಬಿಟ್ಟು ಹೇಳಿ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಬಂದರು ಖಾಲಿ, ಗಾಡಿಗೂ ಕೆಲಸ ಕಡಿಮೆ. ನಾನು ಈ ಕೆಲಸ ಮಾಡುವುದು ಆವಾಗಲೇ, ಮಾಡಿನ ಅಡಿ ಗಾಡಿ ನಿಲ್ಲಿಸಿ, ಅವಸರವಿಲ್ಲದೆ. ಮಾಡಿ ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಸೀಟು ಎತ್ತಿ, ಒಂದೊಂದೇ ಕಾಯಿಲನ್ನು ಬೆರಳಿನಲ್ಲಿ ಅಲ್ಲಾಡಿಸಿ ನೋಡುತ್ತೇನೆ. ಅಲ್ಲಾಡಿದರೆ ಬೋಲ್ಟಿಗೆ ಚೂರು ಬಿಗಿ. ಅಲ್ಲಾಡದಿದ್ದರೆ ಮುಚ್ಚಳ ಹಾಕಿ ಕ್ಲಿಪ್ ಬಿಗಿಯುತ್ತೇನೆ.